ಸ್ತನ ಕ್ಯಾನ್ಸರ್ ಗಡ್ಡೆಯೊಳಗಿನ ರೋಗನಿರೋಧಕ ಕೋಶಗಳು ಕಾಂಡಕೋಶಗಳಿಗೆ ಏನು ಮಾಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಚಿಕಿತ್ಸೆಗೆ ಓಡಾಡುವ ಮನೆಯವರು, ಶಂಕರಘಟ್ಟದಲ್ಲಿ ಜೀವವಿಜ್ಞಾನ ಓದುವ ವಿದ್ಯಾರ್ಥಿಗಳು, ತಾಲ್ಲೂಕು ಆಸ್ಪತ್ರೆಗಳ ಲ್ಯಾಬ್‌ನವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಲ್ಯಾಬ್ ವಿವರ ಬೇಡವೆನಿಸಿದವರು ಆ ಭಾಗ ದಾಟಿ ಮುಂದೆ ಹೋಗಬಹುದು. ಜ್ವರದ ಬಗೆಗಿನ ಉತ್ತರವನ್ನು ಮಾತ್ರ ಯಾರೂ ಬಿಡಬೇಡಿ.

ಕ್ಯಾನ್ಸರ್ ಕಾಂಡಕೋಶ ಎಂದರೆ ಯಾವುದು?

ಒಂದು ಗಡ್ಡೆಯಲ್ಲಿರುವ ಕ್ಯಾನ್ಸರ್ ಕೋಶಗಳೆಲ್ಲ ಒಂದೇ ತರಹದವಲ್ಲ. ಹೆಚ್ಚಿನವು ಕೆಲವು ಸಲ ವಿಭಜನೆಯಾಗಿ ನಿಂತುಬಿಡುತ್ತವೆ. ಸಣ್ಣದೊಂದು ಪಾಲಿಗೆ ಮಾತ್ರ ತಮ್ಮಂಥವನ್ನೇ ಮತ್ತೆ ಹುಟ್ಟಿಸುವ, ಜೊತೆಗೆ ಗಡ್ಡೆಯ ಉಳಿದೆಲ್ಲ ಬಗೆಯ ಕೋಶಗಳನ್ನೂ ಹುಟ್ಟಿಸುವ ಶಕ್ತಿ ಇರುತ್ತದೆ. ಅವೇ ಕಾಂಡಕೋಶಗಳು (ಸ್ಟೆಮ್ ಸೆಲ್). 2003ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ತಂಡ ರೋಗಿಗಳ ಸ್ತನ ಗಡ್ಡೆಯಿಂದ ಸಿಡಿ44 ಎಂಬ ಮೇಲ್ಮೈ ಪ್ರೋಟೀನ್ ಇರುವ, ಸಿಡಿ24 ಎಂಬ ಇನ್ನೊಂದು ಇಲ್ಲದ ಅಥವಾ ತೀರಾ ಕಡಿಮೆ ಇರುವ ಕೋಶಗಳನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿತು. ನೂರರಷ್ಟು ಕೋಶಗಳಿಂದಲೇ ಹೊಸ ಗಡ್ಡೆ ಬೆಳೆಯಿತು. ಬೇರೆ ಗುರುತಿನ ಕೋಶಗಳನ್ನು ಹತ್ತಾರು ಸಾವಿರ ಹಾಕಿದರೂ ಬೆಳೆಯಲಿಲ್ಲ. 2007ರಲ್ಲಿ ಇನ್ನೊಂದು ಗುರುತು ಸೇರಿತು: ಎಎಲ್‌ಡಿಎಚ್1 ಎಂಬ ಕಿಣ್ವದ ಚಟುವಟಿಕೆ ಜೋರಾಗಿರುವುದು.

ತೋಟದ ಕೊನ್ನಾರಿ ಹುಲ್ಲನ್ನು ಕತ್ತಿಯಲ್ಲಿ ಸವರಿದರೆ ಮಣ್ಣೊಳಗಿನ ಗೆಡ್ಡೆಯಿಂದ ಮತ್ತೆ ಚಿಗುರುತ್ತದಲ್ಲ, ಚಿಕಿತ್ಸೆಯ ನಂತರ ಕಾಯಿಲೆ ಮರುಕಳಿಸುವುದನ್ನು ಅರ್ಧದಷ್ಟು ಹಾಗೆ ತಿಳಿಯಬಹುದು. ಅರ್ಧ ಮಾತ್ರ. ಸವರಿ ಎಸೆದ ಎಲೆ ಎಂದೂ ಗೆಡ್ಡೆಯಾಗದು. ಆದರೆ ಸಾಧಾರಣ ಕ್ಯಾನ್ಸರ್ ಕೋಶ ತಕ್ಕ ಸಂದೇಶ ಸಿಕ್ಕರೆ ಹಿಂದಿರುಗಿ ಕಾಂಡಕೋಶವಾಗಬಲ್ಲದು. ಆ ಸಂದೇಶ ಕೊಡುವವರಲ್ಲಿ ನಮ್ಮದೇ ರೋಗನಿರೋಧಕ ಕೋಶಗಳೂ ಇವೆ. ಈ ಪುಟವೆಲ್ಲ ಅದರ ಸುತ್ತಲೇ.

ಕಾಂಡಕೋಶ ಇದೆ ಎಂದರೆ ಕೊನೆಯ ಹಂತ ಎಂದರ್ಥವೇ?

ಅಲ್ಲ. ಮೊದಲ ಹಂತದ ಗಡ್ಡೆಯಲ್ಲೂ ಅವು ಇರುತ್ತವೆ. ಹಂತ ನಿರ್ಧಾರವಾಗುವುದು ಗಡ್ಡೆಯ ಗಾತ್ರ, ಕಂಕುಳಿನ ದುಗ್ಧಗ್ರಂಥಿಗಳು, ಬೇರೆ ಅಂಗಗಳಿಗೆ ಹರಡಿದೆಯೇ ಎಂಬುದರ ಮೇಲೆ.

ರೋಗನಿರೋಧಕ ಕೋಶಗಳು ಕ್ಯಾನ್ಸರನ್ನು ಕೊಲ್ಲಬೇಕಲ್ಲವೇ? ಸಾಕುವುದು ಹೇಗೆ?

ಎಲ್ಲ ನಿರೋಧಕ ಕೋಶಗಳ ಕೆಲಸವೂ ಕೊಲ್ಲುವುದಲ್ಲ. ಗಾಯವಾದಾಗ ಬಂದು ಸತ್ತ ಕೋಶಗಳನ್ನು ತೆಗೆದು, ಹೊಸ ರಕ್ತನಾಳ ಮೂಡಿಸಿ, ಅಂಗಾಂಶದ ಕಾಂಡಕೋಶಗಳನ್ನು ಎಬ್ಬಿಸಿ ಚರ್ಮ ಕೂಡಿಸುವವೂ ಅವೇ. ಗಡ್ಡೆ ತನ್ನನ್ನು ಮಾಯದ ಗಾಯವೆಂದು ತೋರಿಸಿಕೊಂಡು ಈ ರಿಪೇರಿ ಕೆಲಸವನ್ನೇ ತನಗೆ ಮಾಡಿಸಿಕೊಳ್ಳುತ್ತದೆ.

ಮುಖ್ಯ ಪಾತ್ರ ಮ್ಯಾಕ್ರೋಫೇಜ್‌ಗಳದ್ದು, ಅಂದರೆ ಭಕ್ಷಕ ಕೋಶಗಳದ್ದು. ಕ್ಯಾನ್ಸರ್ ಕೋಶ ಸಿಎಸ್‌ಎಫ್-1 ಎಂಬ ಪ್ರೋಟೀನ್ ಸುರಿಸಿ ಮ್ಯಾಕ್ರೋಫೇಜನ್ನು ಕರೆಯುತ್ತದೆ. ಮ್ಯಾಕ್ರೋಫೇಜ್ ಅದಕ್ಕೆ ಬದಲಾಗಿ ಇಜಿಎಫ್ ಎಂಬ ಬೆಳವಣಿಗೆಯ ಅಂಶ ಕೊಡುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಿಕೊಳ್ಳುವ ಕೊಡು-ಕೊಳ್ಳು ಇದು. ಇದಲ್ಲದೆ ಮ್ಯಾಕ್ರೋಫೇಜ್‌ನಿಂದ ಬರುವ ಐಎಲ್-6 ಎಂಬ ಸಂದೇಶ ಪ್ರೋಟೀನ್ ಕ್ಯಾನ್ಸರ್ ಕೋಶದೊಳಗೆ ಸ್ಟ್ಯಾಟ್3 ಎಂಬ ಸ್ವಿಚ್ ಒತ್ತುತ್ತದೆ. ಸ್ಟ್ಯಾಟ್3 ನ್ಯೂಕ್ಲಿಯಸ್‌ಗೆ ಹೋಗಿ ಕಾಂಡತನವನ್ನು ಕಾಯುವ ಜೀನ್‌ಗಳನ್ನು ಚಾಲೂ ಮಾಡುತ್ತದೆ, ಸಾಕ್ಸ್2 ಅವುಗಳಲ್ಲೊಂದು. ಸ್ಟ್ಯಾಟ್3 ಐಎಲ್-6ನ್ನೂ ಹೆಚ್ಚಿಸುವುದರಿಂದ ಚಕ್ರ ತಾನಾಗಿ ತಿರುಗುತ್ತಿರುತ್ತದೆ.

ಬರೀ ರಾಸಾಯನಿಕ ಸುರಿಸುವುದಷ್ಟೇ ಅಲ್ಲ, ಮೈಗೆ ಮೈ ತಾಗಿಯೂ ಸಂದೇಶ ಹೋಗುತ್ತದೆ. 2014ರಲ್ಲಿ ಅಮೆರಿಕದ ಕ್ಯಾನ್ಸರ್ ವಿಜ್ಞಾನಿ ರಾಬರ್ಟ್ ವೈನ್‌ಬರ್ಗ್ ಅವರ ತಂಡ ಇದನ್ನು ತೋರಿಸಿತು. ಸ್ತನ ಕ್ಯಾನ್ಸರ್ ಕಾಂಡಕೋಶದ ಮೇಲಿರುವ ಸಿಡಿ90 ಎಂಬ ಪ್ರೋಟೀನ್ ಮ್ಯಾಕ್ರೋಫೇಜನ್ನು ಹಿಡಿದು ನಿಲ್ಲಿಸುತ್ತದೆ. ಹಾಗೆ ಹತ್ತಿರ ಬಂದಾಗ ಕಾಂಡಕೋಶದ ಮೇಲಿರುವ ಎಫ್‌ಎ4 ಎಂಬ ಗ್ರಾಹಕ ಎಚ್ಚೆತ್ತು, ಸಾರ್ಕ್ ಮತ್ತು ಎನ್‌ಎಫ್-ಕಪ್ಪಾ-ಬಿ ದಾರಿಯಲ್ಲಿ ಸಂಕೇತ ಒಳಗೆ ಹೋಗುತ್ತದೆ. ಅದರಿಂದ ಕೋಶ ಐಎಲ್-6, ಐಎಲ್-8ರಂಥ ಸೈಟೋಕೈನ್‌ಗಳನ್ನು ತಾನೇ ತಯಾರಿಸಿ ಕಾಂಡತನದಲ್ಲಿ ಉಳಿಯುತ್ತದೆ. ಹಾಗಾಗಿ ಗಡ್ಡೆಯಲ್ಲಿ ಮ್ಯಾಕ್ರೋಫೇಜ್ ಎಷ್ಟಿವೆ ಎಂಬುದರ ಜೊತೆ ಯಾವುದರ ಪಕ್ಕ ಕೂತಿವೆ ಎಂಬುದನ್ನೂ ನೋಡಬೇಕಾಗುತ್ತದೆ.

ಮ್ಯಾಕ್ರೋಫೇಜ್ ಬಿಟ್ಟರೆ ಬೇರೆ ಯಾವುವು?

ಮಜ್ಜೆಯಿಂದ ಪೂರ್ತಿ ಬಲಿಯದೆಯೇ ಹೊರಬರುವ ಒಂದು ಗುಂಪಿದೆ, ಸಂಶೋಧಕರು ಎಂಡಿಎಸ್‌ಸಿ ಎನ್ನುತ್ತಾರೆ. ಇವು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳ ಕೈ ಕಟ್ಟಿಹಾಕುತ್ತವೆ. ಜೊತೆಗೆ ಐಎಲ್-6ನಿಂದ ಸ್ಟ್ಯಾಟ್3ನ್ನೂ, ನೈಟ್ರಿಕ್ ಆಕ್ಸೈಡ್‌ನಿಂದ ನಾಚ್ ದಾರಿಯನ್ನೂ ತೆರೆದು ಸ್ತನ ಕ್ಯಾನ್ಸರ್ ಕೋಶಗಳಿಗೆ ಕಾಂಡಗುಣ ತರುತ್ತವೆ ಎಂದು 2016ರಲ್ಲಿ ಪ್ರಕಟವಾಯಿತು. ಫಾಕ್ಸ್‌ಪಿ3 ಗುರುತಿನ ನಿಯಂತ್ರಕ ಟಿ ಕೋಶಗಳು ಟಿಜಿಎಫ್-ಬೀಟಾ ಸುರಿಸುತ್ತವೆ. ಟಿಜಿಎಫ್-ಬೀಟಾ ಕೊಲ್ಲುವ ಟಿ ಕೋಶಗಳನ್ನು ತಣ್ಣಗಾಗಿಸುತ್ತದೆ, ಕ್ಯಾನ್ಸರ್ ಕೋಶಗಳು ಪಕ್ಕದ ಹಿಡಿತ ಬಿಟ್ಟು ಚಲಿಸುವ ರೂಪಕ್ಕೆ ಹೊರಳುವಂತೆಯೂ ಮಾಡುತ್ತದೆ. ಹಾಗೆ ಹೊರಳಿದ ಕೋಶಗಳಲ್ಲಿ ಕಾಂಡಕೋಶದ ಗುಣ ಹೆಚ್ಚು.

ಹಾಗಾದರೆ ಟಿ ಕೋಶ, ಎನ್‌ಕೆ ಕೋಶಗಳು ನಮ್ಮ ಪರವೇ?

ಬಹುಮಟ್ಟಿಗೆ ಹೌದು, ಎರಡೂ ಕೆಟ್ಟ ಕೋಶಗಳನ್ನು ಕೊಲ್ಲುವ ನಿರೋಧಕ ಕೋಶಗಳು. ಆದರೆ ಕೊಲ್ಲುವ ಸಿಡಿ8 ಟಿ ಕೋಶಗಳ ಒತ್ತಡವೂ ಕೆಲವೊಮ್ಮೆ ತಿರುಗಿ ಬೀಳುತ್ತದೆ. 2009ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಹರ್2/ನ್ಯೂ ಎಂಬ ಪ್ರೋಟೀನ್ ಹೊತ್ತ ಗಡ್ಡೆಯ ಮೇಲೆ ಸಿಡಿ8 ಕೋಶಗಳು ಬಿದ್ದಾಗ ಆ ಗುರುತು ಕಳಚಿಕೊಂಡ, ರೂಪ ಬದಲಿಸಿದ, ಕಾಂಡಕೋಶದ ಲಕ್ಷಣವಿರುವ ಕೋಶಗಳು ಉಳಿದು ಬೆಳೆದವು. ಸುಲಭಕ್ಕೆ ಸಿಗುವವು ಸತ್ತವು, ಕೈಗೆ ಸಿಗದವು ಉಳಿದವು.

ಕಾಂಡಕೋಶಗಳಿಗೆ ತಪ್ಪಿಸಿಕೊಳ್ಳುವ ಉಪಾಯ ಹಲವು. ಪಿಡಿ-ಎಲ್1 ಎಂಬ ಪ್ರೋಟೀನ್ ಹೆಚ್ಚಿಸಿ ಟಿ ಕೋಶವನ್ನು ತಡೆಯುತ್ತವೆ. ಸಿಡಿ47 ತೋರಿಸಿ ಮ್ಯಾಕ್ರೋಫೇಜ್ ತಮ್ಮನ್ನು ನುಂಗದಂತೆ ನೋಡಿಕೊಳ್ಳುತ್ತವೆ. ಎನ್‌ಕೆ ಕೋಶ ಹುಡುಕುವ ಮೈಕಾ, ಮೈಕ್‌ಬಿ ಎಂಬ ಗುರುತುಗಳನ್ನು ಇಳಿಸಿಕೊಳ್ಳುತ್ತವೆ. ಇನ್ನು ಕೆಲವು ವಿಭಜನೆಯನ್ನೇ ನಿಲ್ಲಿಸಿ ಮಲಗಿಬಿಡುತ್ತವೆ. 2016ರ ಅಧ್ಯಯನವೊಂದರಲ್ಲಿ, ಹೀಗೆ ಮಲಗಿದ ಕೋಶಗಳು ಡಿಕೆಕೆ1 ಎಂಬ ಪ್ರೋಟೀನ್ ಸುರಿಸಿ ಎನ್‌ಕೆ ಕೋಶದ ಕಣ್ಣಿಗೆ ಬೀಳದಂತೆ ಉಳಿದಿದ್ದು ಕಂಡುಬಂತು. ಹತ್ತು ವರ್ಷ ಚೆನ್ನಾಗಿದ್ದವರಿಗೆ ಕಾಯಿಲೆ ಮರಳಿದಾಗ "ನಾವೇನು ತಪ್ಪು ಮಾಡಿದೆವು" ಎಂದು ಮನೆಯವರು ಕೊರಗುತ್ತಾರೆ. ನೀವೇನೂ ತಪ್ಪು ಮಾಡಿಲ್ಲ. ಕೋಶಗಳು ಅಷ್ಟು ಕಾಲ ಸದ್ದಿಲ್ಲದೆ ಇರಬಲ್ಲವು.

ಕೀಮೋ ಕೊಟ್ಟರೆ ಕಾಂಡಕೋಶ ಹೆಚ್ಚಾಗುತ್ತದಂತೆ, ನಿಜವೇ?

ಹೆಚ್ಚಾಗುವುದು ಅವುಗಳ ಪಾಲು. ಒಟ್ಟು ಸಂಖ್ಯೆಯೂ ಹೆಚ್ಚಾಯಿತು ಎಂದು ಅದರಿಂದ ಹೇಳಲಾಗದು. 2008ರ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚಿನ ಕೀಮೋ ಪಡೆದವರ ಗಡ್ಡೆಯಲ್ಲಿ ಸಿಡಿ44 ಇದ್ದು ಸಿಡಿ24 ಕಡಿಮೆ ಇರುವ ಕೋಶಗಳು ಸರಾಸರಿ ಶೇ. 4.7 ಇದ್ದದ್ದು 12 ವಾರದಲ್ಲಿ ಶೇ. 13.6ಕ್ಕೆ ಏರಿದವು. ಬೇಗ ಬೇಗ ಒಡೆಯುವ ಕೋಶಗಳು ಸಾಯುತ್ತವೆ, ನಿಧಾನದವು ಉಳಿಯುತ್ತವೆ; ಸಾಯುತ್ತಿರುವ ಕೋಶಗಳಿಂದ ಹೊರಬರುವ ಐಎಲ್-8 ಉಳಿದವಕ್ಕೆ ಆಸರೆಯಾಗುತ್ತದೆ. ಇದನ್ನು ಓದಿ ಕೀಮೋ ಬೇಡವೆನ್ನುವುದು ಮಾತ್ರ ಅಪಾಯ. ಗಡ್ಡೆಯ ಬಹುಪಾಲನ್ನು ಇಳಿಸಿ ಜೀವ ಉಳಿಸುವುದು ಅದೇ. ಅದರ ಜೊತೆ ಇನ್ನೇನು ಸೇರಿಸಬೇಕು ಎಂಬುದು ಈಗ ನಡೆಯುತ್ತಿರುವ ಹುಡುಕಾಟ.

ಅಮ್ಮನ ಬಯಾಪ್ಸಿ ರಿಪೋರ್ಟ್‌ನಲ್ಲಿ ಇದೆಲ್ಲ ಎಲ್ಲಿದೆ?

ಕಾಂಡಕೋಶದ ಎಣಿಕೆ ಇರುವುದಿಲ್ಲ. ಸಿಡಿ44, ಎಎಲ್‌ಡಿಎಚ್1 ಪರೀಕ್ಷೆಗಳು ಸಂಶೋಧನೆಯವು. ಅವುಗಳ ಫಲಿತಾಂಶ ನೋಡಿ ಔಷಧಿ ಬದಲಿಸುವ ಪದ್ಧತಿ ಇಲ್ಲ. ದುಡ್ಡು ಕೊಟ್ಟು ಮಾಡಿಸಬೇಡಿ. ಇಆರ್ (ಈಸ್ಟ್ರೋಜನ್ ಗ್ರಾಹಕ), ಪಿಆರ್ (ಪ್ರೊಜೆಸ್ಟರಾನ್ ಗ್ರಾಹಕ), ಹರ್2 ಮೂರರ ಫಲಿತಾಂಶವೂ ಬರೆದಿದೆಯೇ ಎಂದು ನೋಡಿ. ಇಆರ್ ಶೇ. 1 ಇದ್ದರೂ ಪಾಸಿಟಿವ್ ಎಂದೇ ಲೆಕ್ಕ, 1ರಿಂದ 10ರವರೆಗೆ ಕಡಿಮೆ ಪಾಸಿಟಿವ್. ಹರ್2 "2+" ಎಂದಿದ್ದರೆ ಉತ್ತರ ಇನ್ನೂ ಸಿಕ್ಕಿಲ್ಲ ಎಂದರ್ಥ, ಫಿಶ್ ಎಂಬ ಪರೀಕ್ಷೆ ಆಗಲೇಬೇಕು.

ಕೆಲವು ರಿಪೋರ್ಟ್‌ಗಳಲ್ಲಿ ಟಿಐಎಲ್ ಎಂದು ಶೇಕಡಾವಾರು ಬರೆದಿರುತ್ತಾರೆ. ಗಡ್ಡೆಯ ನಡುವಿನ ನಾರಿನ ಜಾಗದಲ್ಲಿ ಎಷ್ಟು ಭಾಗವನ್ನು ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳು ತುಂಬಿವೆ ಎಂಬ ಅಂದಾಜು ಅದು. ಟ್ರಿಪಲ್ ನೆಗೆಟಿವ್ (ಆ ಮೂರೂ ನೆಗೆಟಿವ್ ಆದ ಬಗೆ) ಮತ್ತು ಹರ್2 ಪಾಸಿಟಿವ್‌ನಲ್ಲಿ ಟಿಐಎಲ್ ಹೆಚ್ಚಿದ್ದರೆ ಸಾಮಾನ್ಯವಾಗಿ ಒಳ್ಳೆಯದು. ಇಆರ್ ಪಾಸಿಟಿವ್, ಹರ್2 ನೆಗೆಟಿವ್ ಬಗೆಯಲ್ಲಿ ಆ ಮಾತು ನಿಲ್ಲುವುದಿಲ್ಲ. 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಲ್ಲಿ ಹೆಚ್ಚು ಟಿಐಎಲ್ ಇದ್ದ ಇಂಥವರ ಬದುಕುಳಿಯುವಿಕೆ ಕಡಿಮೆಯೇ ಇತ್ತು. ಇನ್ನೂ ಒಂದು: ಈ ಎಣಿಕೆಯಲ್ಲಿ ಮ್ಯಾಕ್ರೋಫೇಜ್‌ಗಳನ್ನು ಸೇರಿಸುವುದಿಲ್ಲ. ಕಾಂಡಕೋಶವನ್ನು ಸಾಕುವ ಗುಂಪಿನ ಬಗ್ಗೆ ಟಿಐಎಲ್ ಏನನ್ನೂ ಹೇಳುವುದಿಲ್ಲ.

ತಾಲ್ಲೂಕಿನಲ್ಲಿ ತೆಗೆದ ತುಂಡನ್ನು ಶಿವಮೊಗ್ಗಕ್ಕೆ ಕಳಿಸುವಾಗ ಏನು ಕೆಡುತ್ತದೆ?

ಇಲ್ಲಿ ಕೆಟ್ಟದ್ದನ್ನು ಮುಂದೆ ಯಾವ ದೊಡ್ಡ ಆಸ್ಪತ್ರೆಯೂ ಸರಿಮಾಡಲಾರದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಬೇಕಾದದ್ದು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಒಂದು ಲೀಟರಿಗೆ: ಅಂಗಡಿಯ 37–40% ಫಾರ್ಮಾಲ್ಡಿಹೈಡ್ ದ್ರಾವಣ 100 ಮಿಲಿ, ಡಿಸ್ಟಿಲ್ಡ್ ನೀರು 900 ಮಿಲಿ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಫಾಸ್ಫೇಟ್ ಹಾಕದೆ ಬರೀ ನೀರು ಬೆರೆಸಿಟ್ಟರೆ ದಿನ ಕಳೆದಂತೆ ಆಮ್ಲವಾಗಿ ತುಂಡಿನಲ್ಲಿ ಕಂದು ಕಣಗಳು ಕೂರುತ್ತವೆ, ಬಣ್ಣ ಹಿಡಿಯುವುದು ಕೆಡುತ್ತದೆ. ತುಂಡಿನ ಹತ್ತರಷ್ಟು ಫಾರ್ಮಲಿನ್ ಇರಬೇಕು, ಡಬ್ಬಿಯ ಬಾಯಿ ಅಗಲವಾಗಿರಬೇಕು. ತೆಗೆದ ಒಂದು ಗಂಟೆಯೊಳಗೆ ಅದರಲ್ಲಿ ಮುಳುಗಬೇಕು. ಆಮೇಲೆ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ.

ಹೆಚ್ಚಾಗಿ ಆಗುವ ತಪ್ಪು ಇಡೀ ಸ್ತನವನ್ನು ಹಾಗೇ ಡಬ್ಬಿಗೆ ತುರುಕುವುದು. ಕೊಬ್ಬಿನೊಳಗೆ ಫಾರ್ಮಲಿನ್ ಇಳಿಯುವುದು ಬಹಳ ನಿಧಾನ. ಹೊರಗೆ ಗಟ್ಟಿಯಾಗಿ ಕಂಡರೂ ನಡುವಿನ ಗಡ್ಡೆ ಕೊಳೆತಿರುತ್ತದೆ. ಶಸ್ತ್ರಚಿಕಿತ್ಸಕರು ದಿಕ್ಕಿನ ಹೊಲಿಗೆ ಹಾಕಿ, ಅಂಚಿಗೆ ಶಾಯಿ ಬಳಿದ ಮೇಲೆ ಗಡ್ಡೆಯ ಮೂಲಕ 5ರಿಂದ 10 ಮಿಮೀ ಅಂತರದಲ್ಲಿ ಸೀಳಿ, ಸೀಳುಗಳ ನಡುವೆ ಗಾಜ್ ಇಟ್ಟು ಮುಳುಗಿಸಬೇಕು. ಎಲ್ಲಿ ಸೀಳಬೇಕೆಂದು ಮೊದಲೇ ಪೆಥಾಲಜಿಯವರಿಗೆ ಫೋನ್ ಮಾಡಿ ಕೇಳಿ. ಸಲೈನ್‌ನಲ್ಲಿ ಹಾಕುವುದು, ಫ್ರೀಜರ್‌ನಲ್ಲಿ ಇಡುವುದು, ಸ್ಪಿರಿಟ್ ಸುರಿಯುವುದು ಮೂರೂ ಕೂಡದು. ಸರಿಯಾಗಿ ಫಿಕ್ಸ್ ಆಗದ ತುಂಡಿನಲ್ಲಿ ಇಆರ್ ಇದ್ದರೂ ನೆಗೆಟಿವ್ ಬರಬಹುದು. ಆಗ ಇಆರ್ ಪಾಸಿಟಿವ್ ಹೆಂಗಸೊಬ್ಬರು ಟ್ರಿಪಲ್ ನೆಗೆಟಿವ್ ಎನಿಸಿಕೊಂಡು, ಐದು ಹತ್ತು ವರ್ಷ ನುಂಗಬೇಕಾಗಿದ್ದ ಹಾರ್ಮೋನ್ ತಡೆಯುವ ಮಾತ್ರೆಯಿಂದಲೇ ವಂಚಿತರಾಗುತ್ತಾರೆ.

ಫಾರಂನಲ್ಲಿ ಎರಡು ಸಮಯ ಬರೆಯಿರಿ: ತುಂಡು ಹೊರಬಂದದ್ದು, ಫಾರ್ಮಲಿನ್‌ಗೆ ಬಿದ್ದದ್ದು. ಶುಕ್ರವಾರ ಸಂಜೆ ತೆಗೆದದ್ದಕ್ಕೆ ಸೋಮವಾರ ಸಂಜೆಗೆ 72 ಗಂಟೆ ತುಂಬುತ್ತದೆ. ಸೋಮವಾರ ಹಬ್ಬದ ರಜೆ ಇದ್ದರೆ, ಮಳೆಗಾಲದಲ್ಲಿ ರಸ್ತೆ ಬಂದ್ ಆಗುವಂತಿದ್ದರೆ, ತುರ್ತಲ್ಲದ ಆಪರೇಶನ್ನನ್ನು ವಾರದ ಮೊದಲಿಗೆ ಇಟ್ಟುಕೊಳ್ಳುವುದೇ ವಾಸಿ.

ವಿದ್ಯಾರ್ಥಿಗಳಿಗೆ: ಸ್ತನ ಕಾಂಡಕೋಶವನ್ನು ಎಣಿಸುವಾಗ ಎಲ್ಲಿ ಎಡವುತ್ತಾರೆ?

ಮೊದಲನೆಯದಾಗಿ ಫ್ಲೋ ಸೈಟೋಮೀಟರ್‌ನಲ್ಲಿ ಸಿಡಿ45 (ರಕ್ತಮೂಲದ ಕೋಶಗಳ ಗುರುತು) ಹಾಕದೆ ಎಣಿಸುವುದರಲ್ಲಿ. ರೋಗಿಯ ಗಡ್ಡೆಯಲ್ಲಿರುವ ಲಿಂಫೋಸೈಟ್, ಮ್ಯಾಕ್ರೋಫೇಜ್‌ಗಳ ಮೇಲೂ ಸಿಡಿ44 ಧಾರಾಳವಾಗಿದೆ, ಹಲವದರಲ್ಲಿ ಸಿಡಿ24 ಕಡಿಮೆ. ಸಿಡಿ45 ಇರುವ, ಸಿಡಿ31 (ರಕ್ತನಾಳದ ಕೋಶಗಳ ಗುರುತು) ಇರುವ ಕೋಶಗಳನ್ನು ಗೇಟಿನ ಆಚೆ ಬಿಡದಿದ್ದರೆ ನೀವು ಎಣಿಸುವುದು ನಿರೋಧಕ ಕೋಶಗಳನ್ನೇ. "ಮ್ಯಾಕ್ರೋಫೇಜ್ ಹೆಚ್ಚಿದ್ದಲ್ಲಿ ಕಾಂಡಕೋಶ ಹೆಚ್ಚು" ಎಂಬ ಫಲಿತಾಂಶ ಆಗ ಸುಳ್ಳಾಗಿಯೇ ಬರುತ್ತದೆ. ಸತ್ತ ಕೋಶಕ್ಕೂ ಬಣ್ಣ ಹಾಕಿ ತೆಗೆಯಿರಿ, ಅವು ಎಲ್ಲ ಆ್ಯಂಟಿಬಾಡಿಗೂ ಅಂಟುತ್ತವೆ. ತುಂಡು ಬಿಡಿಸಲು ಕೊಲ್ಯಾಜಿನೇಸ್ ಬಳಸಿ, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ. ಟ್ರಿಪ್ಸಿನ್ ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈ ಪ್ರೋಟೀನ್‌ಗಳೇ ಕತ್ತರಿಸಿಹೋಗುತ್ತವೆ.

ಎಎಲ್‌ಡಿಎಚ್ ಚಟುವಟಿಕೆ ಅಳೆಯುವ ಆಲ್ಡಿಫ್ಲೋರ್ ಪರೀಕ್ಷೆಯಲ್ಲಿ ಪ್ರತಿ ಮಾದರಿಗೂ, ಆ ಕಿಣ್ವವನ್ನು ತಡೆಯುವ ಡಿಇಎಬಿ ಹಾಕಿದ ಜೋಡಿ ಟ್ಯೂಬ್ ಇರಲೇಬೇಕು, ಗೇಟ್ ನಿರ್ಧಾರ ಅದರಿಂದಲೇ. 37 ಡಿಗ್ರಿಯಲ್ಲಿ 30ರಿಂದ 60 ನಿಮಿಷ ಇಟ್ಟ ಮೇಲೆ ನೇರ ಐಸ್‌ಗೆ. ಬೆಚ್ಚಗೆ ಬಿಟ್ಟರೆ ಕೋಶದ ಪಂಪುಗಳು ಹೊಳೆಯುವ ಪದಾರ್ಥವನ್ನು ಹೊರಹಾಕಿ ಓದಿಕೆ ಇಳಿಯುತ್ತದೆ.

ಮ್ಯಾಮೋಸ್ಫಿಯರ್ (ತೇಲುತ್ತಾ ಬೆಳೆಯುವ ಕೋಶಗೋಳ) ಬೆಳೆಸಲು ತಳಕ್ಕೆ ಅಂಟದ ಪ್ಲೇಟ್, ಸೀರಂ ಇಲ್ಲದ ಮಾಧ್ಯಮ, ಬಿ27, ಇಜಿಎಫ್ ಮತ್ತು ಬಿಎಫ್‌ಜಿಎಫ್ ತಲಾ 20 ನ್ಯಾನೋಗ್ರಾಂ/ಮಿಲಿ. 7ರಿಂದ 10 ದಿನ ಬಿಟ್ಟು 50 ಮೈಕ್ರಾನ್‌ಗಿಂತ ದೊಡ್ಡ ಗೋಳಗಳನ್ನು ಎಣಿಸಿ. ದಟ್ಟವಾಗಿ ಬಿತ್ತಿದರೆ ಕೋಶಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಒಂದೇ ಕೋಶದಿಂದ ಬೆಳೆದ ಗೋಳವಲ್ಲ ಅದು. ಮಿಲಿಗೆ ಸಾವಿರ ಕೋಶ ಅಥವಾ ಇನ್ನೂ ಕಡಿಮೆ ಸಾಕು. ಪ್ಲೇಟನ್ನು ದಿನವೂ ತೆಗೆದು ಅಲ್ಲಾಡಿಸಬೇಡಿ.

ಇನ್ನು ಮೂಲದ ತೊಡಕು: ಕಾಂಡಕೋಶವನ್ನು ಸಾಬೀತು ಮಾಡುವ ಇಲಿಗಳಿಗೆ ಟಿ ಮತ್ತು ಬಿ ಕೋಶಗಳೇ ಇರುವುದಿಲ್ಲ. ನಿರೋಧಕ ಕೋಶಗಳ ಪ್ರಭಾವ ತಿಳಿಯಬೇಕಾದರೆ ನಿರೋಧಕ ವ್ಯವಸ್ಥೆ ಪೂರ್ತಿ ಇರುವ ಇಲಿ ಬೇಕು. ಬಾಲ್ಬ್/ಸಿ ಇಲಿಯಲ್ಲಿ ಅದೇ ತಳಿಯ 4ಟಿ1 ಗಡ್ಡೆ ಬೆಳೆಸುವುದು ರೂಢಿಯ ದಾರಿ.

ಇದಕ್ಕೆ ಔಷಧಿ ಬಂದಿದೆಯೇ?

ಕಾಂಡಕೋಶವನ್ನಷ್ಟೇ ಕೊಲ್ಲುವ, ಬಳಕೆಗೆ ಒಪ್ಪಿಗೆ ಪಡೆದ ಸ್ತನ ಕ್ಯಾನ್ಸರ್ ಔಷಧಿ ಇಲ್ಲ. ಐಎಲ್-8ರ ಗ್ರಾಹಕವನ್ನು ತಡೆಯುವ ರೆಪಾರಿಕ್ಸಿನ್ ಇಲಿಗಳಲ್ಲಿ ಕಾಂಡಕೋಶ ಇಳಿಸಿತ್ತು. ಹರಡಿದ ಟ್ರಿಪಲ್ ನೆಗೆಟಿವ್ ರೋಗಿಗಳಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕೊಟ್ಟಾಗ ಕಾಯಿಲೆ ಮುಂದುವರಿಯುವುದನ್ನು ತಡಮಾಡಲಿಲ್ಲ.

ನಿರೋಧಕ ಕೋಶಗಳ ಕಡೆಯಿಂದ ನಿಜವಾಗಿ ಲಾಭ ಕೊಟ್ಟದ್ದು ಪೆಂಬ್ರೊಲಿಜುಮ್ಯಾಬ್, ಟಿ ಕೋಶಗಳ ಮೇಲಿನ ತಡೆ ತೆಗೆಯುವ ಔಷಧಿ. ಎರಡು ಮತ್ತು ಮೂರನೇ ಹಂತದ ಟ್ರಿಪಲ್ ನೆಗೆಟಿವ್‌ನಲ್ಲಿ ಮೂರು ವಾರಕ್ಕೊಮ್ಮೆ 200 ಮಿಗ್ರಾಂ, ಕೀಮೋ ಜೊತೆ. ಕೀನೋಟ್-522 ಪ್ರಯೋಗದ ಮೊದಲ ವರದಿಯಲ್ಲಿ ಆಪರೇಶನ್ ಹೊತ್ತಿಗೆ ಗಡ್ಡೆ ಪೂರ್ತಿ ಕರಗಿದವರು ಶೇ. 64.8, ಬರೀ ಕೀಮೋ ಪಡೆದವರಲ್ಲಿ ಶೇ. 51.2. ಇಲ್ಲಿ ಪಿಡಿ-ಎಲ್1 ಪರೀಕ್ಷೆ ಬೇಕಿಲ್ಲ. ಹರಡಿದ ಕಾಯಿಲೆಗಾದರೆ ಬೇಕು, ಸಿಪಿಎಸ್ ಎಂಬ ಅದರ ಅಂಕ 10 ಅಥವಾ ಹೆಚ್ಚಿರಬೇಕು. ಬೆಲೆ ಬಹಳ ಹೆಚ್ಚು. ತೋಟ ಅಡವಿಡುವ ಮುಂಚೆ ಯಾವ ಯೋಜನೆಯಲ್ಲಿ ಎಷ್ಟು ಸಿಗುತ್ತದೆಂದು ಆಸ್ಪತ್ರೆಯ ಆಯುಷ್ಮಾನ್ ಕೌಂಟರ್‌ನಲ್ಲಿ ಬರೆಸಿಕೊಳ್ಳಿ. ಈ ಔಷಧಿ ಪಡೆಯುವಾಗ, ನಿಲ್ಲಿಸಿ ತಿಂಗಳುಗಳಾದ ಮೇಲೂ, ಭೇದಿ, ಒಣಕೆಮ್ಮು, ಏದುಸಿರು, ಕಣ್ಣು ಹಳದಿಯಾಗುವುದು, ವಿಪರೀತ ಸುಸ್ತು ಕಂಡರೆ ತಕ್ಷಣ ತಿಳಿಸಿ. ಅದು ಮಾಮೂಲಿ ಹೊಟ್ಟೆ ಕೆಟ್ಟದ್ದಲ್ಲದೆ, ಎಚ್ಚೆತ್ತ ಟಿ ಕೋಶಗಳು ಸ್ವಂತ ಅಂಗದ ಮೇಲೆ ಬಿದ್ದಿರುವುದಾಗಿರಬಹುದು.

"ಸ್ಟೆಮ್ ಸೆಲ್ ಥೆರಪಿ" ಜಾಹೀರಾತು ಇದಕ್ಕೇ ಸಂಬಂಧಿಸಿದ್ದೇ?

ಅಲ್ಲ. ಸ್ತನ ಕ್ಯಾನ್ಸರ್‌ಗೆ ಅದರಿಂದ ಪ್ರಯೋಜನವಿಲ್ಲ.

ರೋಗನಿರೋಧಕ ಶಕ್ತಿ ಹೆಚ್ಚಿಸಲು ಅಮೃತಬಳ್ಳಿ ಕಷಾಯ ಕುಡಿಸಬಹುದೇ?

ಮಲೆನಾಡಿನಲ್ಲಿ ಬೇಲಿಯ ಮೇಲೇ ಸಿಗುವ ಬಳ್ಳಿ, ಪ್ರೀತಿಯಿಂದಲೇ ಕಾಯಿಸಿ ಕೊಡುತ್ತಾರೆ. ಆದರೂ ಚಿಕಿತ್ಸೆ ನಡೆಯುವಾಗ ಬೇಡ ಎಂದೇ ನಮ್ಮ ಸಲಹೆ. ಮೇಲೆ ಹೇಳಿದಂತೆ ಗಡ್ಡೆಯಲ್ಲಿ ಕೊಲ್ಲುವವೂ ಇವೆ, ಸಾಕುವವೂ ಇವೆ. ಎಲ್ಲವನ್ನೂ ಒಟ್ಟಿಗೆ "ಹೆಚ್ಚಿಸುವುದು" ಗುರಿಯೇ ಅಲ್ಲ. ಜೊತೆಗೆ ಅಮೃತಬಳ್ಳಿ ಸೇವಿಸಿದವರಲ್ಲಿ, ನಿರೋಧಕ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬಿದ್ದಂತಹ ಹಾನಿ 2020ರ ನಂತರ ನಮ್ಮ ದೇಶದಲ್ಲೇ ವರದಿಯಾಗಿದೆ. ಅಶ್ವಗಂಧದಿಂದಲೂ ಲಿವರಿಗೆ ಪೆಟ್ಟು ಬಿದ್ದ ವರದಿಗಳಿವೆ. ಪೆಂಬ್ರೊಲಿಜುಮ್ಯಾಬ್ ನಡೆಯುತ್ತಿರುವಾಗ ಲಿವರ್ ಅಂಕಿ ಏರಿದರೆ ಕಾರಣ ಔಷಧಿಯೋ ಕಷಾಯವೋ ತಿಳಿಯದೆ ಜೀವ ಉಳಿಸುವ ಡೋಸ್ ನಿಂತುಹೋಗುತ್ತದೆ. ಮರದ ಚಕ್ಕೆಯ ನಾಟಿ ಔಷಧಿಗೂ ಇದೇ ಮಾತು. ಈಗಾಗಲೇ ಕೊಡುತ್ತಿದ್ದರೆ ಮುಚ್ಚಿಡಬೇಡಿ: ಹೆಸರು, ಅಳತೆ, ಶುರು ಮಾಡಿದ ದಿನ ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಡಿ. ಸಾರು-ಗೊಜ್ಜಿಗೆ ಹಾಕುವಷ್ಟು ಅರಿಸಿನ, ಶುಂಠಿ, ಕಾಳುಮೆಣಸಿಗೆ ಯಾರ ತಕರಾರೂ ಇಲ್ಲ.

ಕೀಮೋ ನಂತರ ಜ್ವರ ಬಂದರೆ?

ಗಡ್ಡೆಯೊಳಗಿನ ಕೋಶಗಳ ಮಾತು ಬೇರೆ, ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳ ಮಾತು ಬೇರೆ. ಕೀಮೋ ಆದ 7ರಿಂದ 14ನೇ ದಿನದಲ್ಲಿ ನ್ಯೂಟ್ರೋಫಿಲ್ ತೀರಾ ಇಳಿಯುತ್ತವೆ. ಆಗ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಅದು ತುರ್ತು. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲೆಂದು ಕಾಯಬೇಡಿ. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇದ್ದರೆ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೇರುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್ ಬೀಳಬೇಕು.

ನಮ್ಮ ಕಡೆ ಇದಕ್ಕೊಂದು ಗೊಂದಲ ಸೇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಅದರಲ್ಲೂ ಜ್ವರ, ಮೈಕೈ ನೋವು. ಅದರಲ್ಲೂ ಬಿಳಿರಕ್ತಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ರಕ್ತಪರೀಕ್ಷೆಯ ಚೀಟಿ ನೋಡಿ ಬೇರ್ಪಡಿಸಲಾಗದು. ಅದಕ್ಕೆ ಹತ್ತಿರದ ಆಸ್ಪತ್ರೆಯ ಬಾಗಿಲಲ್ಲೇ ಮೊದಲ ಮಾತಾಗಿ ಕೀಮೋ ಆದ ತಾರೀಖು, ಔಷಧಿಗಳ ಹೆಸರು ಹೇಳಿ. ದರಗು ತರಲು ಕಾಡಿಗೆ ಹೋಗಿದ್ದರೆ, ಊರ ಬಳಿ ಮಂಗ ಸತ್ತಿದ್ದರೆ ಅದನ್ನೂ ಸೇರಿಸಿ. ಆ್ಯಂಟಿಬಯಾಟಿಕ್ ಶುರುವಾದ ಮೇಲೆ ಮಂಗನ ಕಾಯಿಲೆಯ ಪರೀಕ್ಷೆಗೆ ರಕ್ತ ಕಳಿಸಲಿ. ಇದು ಹಿಂದುಮುಂದಾಗಬಾರದು.

ಎರಡನೇ ಅಭಿಪ್ರಾಯಕ್ಕೆ ಏನೇನು ಒಯ್ಯಬೇಕು?

ರಿಪೋರ್ಟ್ ಕಾಗದ ಮಾತ್ರ ಸಾಲದು. ಕಿದ್ವಾಯಿಗೆ ಹೋಗಲಿ, ಮಣಿಪಾಲಕ್ಕೆ ಹೋಗಲಿ, ಪೆಥಾಲಜಿ ವಿಭಾಗದಲ್ಲಿ ಅರ್ಜಿ ಕೊಟ್ಟು ಸ್ಲೈಡ್‌ಗಳ ಜೊತೆ ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಮರುಪರೀಕ್ಷೆ, ಫಿಶ್, ಪಿಡಿ-ಎಲ್1 ಎಲ್ಲ ಆಗುವುದು ಬ್ಲಾಕ್‌ನಿಂದ. ಕೀಮೋಗೆ ಮುಂಚಿನ ಬಯಾಪ್ಸಿಯದ್ದು, ಆಪರೇಶನ್‌ನದ್ದು ಎರಡೂ ಇರಲಿ. ಬ್ಲಾಕ್ ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನಿಂತು ನೋಡಿ. ಬೇಸಿಗೆಯಲ್ಲಿ ಕಾರಿನ ಗಾಜಿನ ಕೆಳಗೆ ಇಟ್ಟರೆ ಮೇಣ ಮೆತ್ತಗಾಗುತ್ತದೆ. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೈಚೀಲದೊಳಗೆ ನೆರಳಿನಲ್ಲಿ ಒಯ್ಯಿರಿ. ಕೆಲಸ ಮುಗಿದ ಮೇಲೆ ಉಳಿದ ಬ್ಲಾಕನ್ನು ವಾಪಸ್ ಕೇಳಿ ತಂದಿಡಿ.